ತೊಳೆದಿಟ್ಟ ಬಾಲ

ನಾನು ಲಾಯಕ್ಕೆ ಕಾಲಿಟ್ಟರೆ ಆಳುಗಳು ಮುಖ ತಿರುಗಿಸುತ್ತಾರೆ. ಗಬ್ಬ ನಿಲ್ಲದ ಹೆಣ್ಣು ಕುದುರೆಗಳನ್ನು ಕೊಂಡು ಕಲ್ಲುಗಣಿಯ ಬಂಡಿಗಳಿಗೆ ಮಾರುವುದು ನನ್ನ ಕಸುಬು. ಹದ್ದಿಗೆ ಯಾರು ಮಣೆ ಹಾಕುತ್ತಾರೆ? ಮುಖದ ಮೇಲೇ ಬಯ್ಯುತ್ತಿದ್ದವನು ಬಾಚಣಿಗೆ ಮಾವ ಒಬ್ಬನೇ.

ಮೂವತ್ತು ವರ್ಷದಿಂದ ಅಲ್ಲಿ ಕುದುರೆ ನೋಡಿಕೊಳ್ಳುವವನು. ಸೊಂಟದಲ್ಲಿ ಸದಾ ಕಬ್ಬಿಣದ ಬಾಚಣಿಗೆ. ತನ್ನ ತಲೆಯಲ್ಲಿ ಬಾಚಲು ನಾಲ್ಕು ಕೂದಲಿರಲಿಲ್ಲ. ಅವನ ಕುದುರೆಗಳ ಬಾಲ ಮಾತ್ರ ಮದುಮಗಳ ಜಡೆ. ಬೆಳಕು ಹರಿಯುವ ಮೊದಲೇ ಬಕೆಟ್ಟು, ಸೋಪು, ನೀರು.

ಅವನ ಅಚ್ಚುಮೆಚ್ಚು ಹದಿನೇಳು ವರ್ಷದ ಕಂದು ಕುದುರೆ, 'ದೊಡ್ಡಮ್ಮ'. ಒಂಬತ್ತು ಮರಿ ಹಾಕಿದವಳು, ಎರಡು ವರ್ಷದಿಂದ ಗಬ್ಬ ನಿಂತಿರಲಿಲ್ಲ. ಈ ಸಲವೂ ನಿಲ್ಲದಿದ್ದರೆ ನನಗೇ ಕೊಡುವುದೆಂದು ಯಜಮಾನ ಹೇಳಿಬಿಟ್ಟಿದ್ದ.

ಗಂಡು ಹಾರಿಸಿದ ಮರುದಿನ ಡಾಕ್ಟರಮ್ಮ ಯಂತ್ರ ಹಿಡಿದು ನೋಡಿದರು.

"ಒಳಗೆ ನೀರು ನಿಂತಿದೆ ಮಾವ. ಗಂಡು ಹಾರಿದ ಮೇಲೆ ಎಲ್ಲ ಕುದುರೆಗೂ ಗರ್ಭಕೋಶ ಊದುತ್ತೆ. ಎಳೇವು ಒಂದೇ ದಿನದಲ್ಲಿ ಆ ನೀರನ್ನ ಹೊರಗೆ ಹಾಕ್ತವೆ, ಮುದುಕಿಗೆ ಶಕ್ತಿ ಸಾಲಲ್ಲ." ಒಳಗೆಲ್ಲ ತೊಳೆದು ಸೂಜಿ ಚುಚ್ಚಿದರು. "ಒಳಗಿಂದು ಸೋರಿ ಬಾಲದಲ್ಲಿ ಅಂಟು ಕಂಡ್ರೆ ಆ ಕ್ಷಣ ಹೇಳಿ ಕಳಿಸು. ನಾಲ್ಕು ದಿನದೊಳಗಾದ್ರೆ ಮತ್ತೆ ತೊಳೀಬಹುದು. ಆಮೇಲೆ ಪಿಂಡ ಗರ್ಭಕೋಶಕ್ಕೆ ಇಳಿಯುತ್ತೆ, ನಾನು ಕೈ ಹಾಕೋ ಹಾಗಿಲ್ಲ."

ಮಾವ ದಿನವೂ ಹೇಳಿ ಕಳಿಸಿದ: ಬಾಲ ಕನ್ನಡಿಯಂತಿದೆ.

ಆರನೆಯ ದಿನ ನಾನು ಹೋದೆ. ದೊಡ್ಡಮ್ಮ ಮೇವು ಬಿಟ್ಟು ಗೋಡೆಗೆ ಹಿಂಭಾಗ ಉಜ್ಜುತ್ತಿದ್ದಳು.

"ಬಂತಪ್ಪಾ ಶನಿ! ಇನ್ನೂ ಉಸಿರಾಡ್ತಾ ಇದಾಳೆ, ಆಮೇಲೆ ಬಾ."

"ನಿನ್ನ ನೋಡೋಕೆ ಬಂದೆ ಮಾವ. ಎಲ್ಲಿ, ಬಾಲ ತೋರಿಸು."

ತೋರಿಸಿದ. ರೇಷ್ಮೆ. ಆದರೆ ನೊಣಗಳಿಗೆ ರೇಷ್ಮೆ ಬೇಕಿರಲಿಲ್ಲ. ಅವು ಅವನ ಸೊಂಟದ ಬಾಚಣಿಗೆಯನ್ನು ಮುತ್ತಿದ್ದವು.

"ಬೆಳಿಗ್ಗೆ ತೊಳೆದ್ಯಾ?"

"ಇದೇನು ಕೇಳೋ ಮಾತಾ? ದಿನಾ ಕತ್ತಲಲ್ಲೇ..."

ಮಾವ ಬಾಚಣಿಗೆ ತೆಗೆದು ಬೆಳಕಿಗೆ ಹಿಡಿದ. ಹಲ್ಲುಗಳ ಸಂದಿಯಲ್ಲಿ ಹಳದಿ ಹಕ್ಕಳೆ, ಪದರದ ಮೇಲೆ ಪದರ. ಮೂಸಿ ನೋಡಿದ. ದೊಡ್ಡಮ್ಮ ದಿನಾ ಹೇಳುತ್ತಿದ್ದುದನ್ನು, ಕಣ್ಣಿಗೆ ಬೀಳುವ ಮೊದಲೇ, ಅವನ ಕೈ ತೊಳೆದುಹಾಕಿತ್ತು.

ಡಾಕ್ಟರಮ್ಮ ಓಡಿಬಂದು ಯಂತ್ರ ಹಿಡಿದು ನೋಡಿದರು. "ಕೀವು ತುಂಬಿದೆ. ಇದರಲ್ಲಿ ಯಾವ ಜೀವ ನಿಲ್ಲುತ್ತೆ? ಮದ್ದು ಕೊಟ್ರೆ ಮೈ ಹುಷಾರಾಗುತ್ತೆ, ಗಬ್ಬದ ಮಾತು ಬಿಡಿ." ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಮಾವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮೂರು ವಾರಕ್ಕೆ ಯಜಮಾನ ನನ್ನನ್ನು ಕರೆಸಿದ. ಮಾವನೇ ಹಗ್ಗ ಹಿಡಿದು ಅವಳನ್ನು ಹೊರಗೆ ತಂದ. ಹುಲ್ಲಿನ ಚೂರು ಸಿಕ್ಕಿಕೊಂಡು ಬಾಲ ಗಂಟುಗಟ್ಟಿತ್ತು.

"ಏನು ಮಾವ, ಮದುಮಗಳಿಗೆ ಜಡೆ ಹಾಕಿಲ್ವಾ?" ಎಂದೆ. ನನ್ನ ನಾಲಿಗೆಗೆ ಬುದ್ಧಿ ತಡವಾಗಿ ಬರುತ್ತದೆ.

"ಹೇಗಿದಾಳೋ ಹಾಗೇ ನೋಡಿ ತಗೊಳ್ಳಿ ಅಣ್ಣ."

ಶನಿಯಾಗಿದ್ದ ನಾನು ಅಣ್ಣನಾಗಿದ್ದೆ. ನನ್ನ ಬಂಡಿಯ ಹಲಗೆ ಹತ್ತುವಾಗ ದೊಡ್ಡಮ್ಮ ಬಾಲ ಬೀಸಿದಳು. ಮಾವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಬಾಚಣಿಗೆ ಇರಲಿಲ್ಲ.