ತಟ್ಟೆ ತಿರುಗಿಸಿದ ಕೈ

ಮಂಜುಳಾ, ನಿಮ್ಮಮ್ಮನ ಕೈಗೆ ಸಿಕ್ಕ ಆ ಚೀಟಿಯನ್ನು ಕೊಟ್ಟದ್ದು ದೇವರಲ್ಲ — ನಾನು. ಗೊತ್ತಿದ್ದೇ ಕೊಟ್ಟೆ. ಅವಳು ಸತ್ತ ಮೇಲೂ ಬಾಯಿ ಬಿಡಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಶುರುಮಾಡಿದರೆ ನನ್ನಂಥ ಟೀಚರಮ್ಮ ಕೊನೆಗೆ ನಿನಗೇ ಬುದ್ಧಿ ಹೇಳಿ ಎದ್ದುಬಿಟ್ಟಾಳು.

ಮತ್ತಿಗಿರಿಯ ನಮ್ಮ ಪ್ರಾರ್ಥನಾ ಮನೆಯ ಪದ್ಧತಿ ನಿನಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಚೀಟಿಗಳನ್ನು ಬೋರಲು ಹಾಕಿ ಇಡುತ್ತೇವೆ. ಒಂದೊಂದರಲ್ಲೂ ಬೈಬಲಿನಲ್ಲಿ ಬರುವ ದೇವರ ಒಂದು ಹೆಸರು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು ಅದೇ. ನಮ್ಮ ಗಡಿ ಊರಿನ ಅಂಗಡಿಯಲ್ಲಿ ಸಿಗುವ ಚೀಟಿಗಳೆಲ್ಲ ತಮಿಳಿನವು. ಕನ್ನಡ ಮಾತ್ರ ಓದಬಲ್ಲ ಹೆಂಗಸರಿಗಾಗಿ ನಾನೇ ಚಾರ್ಟ್ ಪೇಪರ್ ಕತ್ತರಿಸಿ ಬರೆಯುತ್ತಿದ್ದೆ. ಯೆಹೋವ ಯೀರೆ, ಒದಗಿಸುವವನು. ಯೆಹೋವ ಶಾಲೋಮ್, ಸಮಾಧಾನ ಕೊಡುವವನು. ಯೆಹೋವ ರಾಫಾ, ಗುಣಪಡಿಸುವವನು. ನನ್ನ ಕತ್ತರಿ ಎಂದೂ ನೇರ ಹೋದದ್ದಿಲ್ಲ. ಅಂಚಿನ ಸೊಟ್ಟ ನೋಡಿದರೆ ಸಾಕು, ಬೋರಲು ಬಿದ್ದಿದ್ದರೂ ಯಾವುದು ಯಾವ ಹೆಸರೆಂದು ನನಗೆ ತಿಳಿಯುತ್ತಿತ್ತು.

ಆ ಹೆಸರುಗಳು ನನಗೆ ಆಟದ ಸಾಮಾನಲ್ಲ. ನಮ್ಮ ಯಜಮಾನರು, ನಿಮ್ಮ ದೊಡ್ಡಪ್ಪ, ತೀರಿಕೊಂಡ ವರ್ಷ ನಾನು ಬದುಕಿದ್ದೇ ಅವುಗಳನ್ನು ಹಿಡಿದುಕೊಂಡು. ಕಣ್ಣೆದುರೇ ರಾಗಿ ಹೊಲಗಳೆಲ್ಲ ಸೈಟುಗಳಾದವು, ಮನೆಗೆ ಬಂದು ಹೋಗುತ್ತಿದ್ದವರು ಬರುವುದನ್ನು ಬಿಟ್ಟರು — ಆ ಹೆಸರುಗಳು ಮಾತ್ರ ಇದ್ದ ಹಾಗೇ ಇದ್ದವು. ನಮ್ಮಲ್ಲಿ ಪಾಸ್ಟರ್ ಮಾಡುವ ಪ್ರಸಂಗ ತಮಿಳಿನಲ್ಲಿ, ಹಾಡು ತೆಲುಗಿನಲ್ಲಿ, ಅಳುವುದು ಕನ್ನಡದಲ್ಲಿ. ರಾಫಾ ಎಂಬುದು ಮೂರರಲ್ಲೂ ರಾಫಾ. ಬದಲಾಗದವನೊಬ್ಬನಿದ್ದಾನೆ ಎಂಬುದೇ ಆಗ ನನಗಿದ್ದ ನೆಮ್ಮದಿ. ಹಾಗಿದ್ದೂ —

ನಿಮ್ಮಮ್ಮ ರತ್ನಮ್ಮ ನಮ್ಮಲ್ಲಿಗೆ ಬರುತ್ತಿದ್ದದ್ದು ಸುಮ್ಮನೆ ಕೂತು ಹೋಗಲು. ಡೆಂಕಣಿಕೋಟೆ ಕಡೆಯ ಹೆಣ್ಣು, ಮನೆದೇವರನ್ನು ಬಿಟ್ಟವಳಲ್ಲ, ಹಣೆಯ ಕುಂಕುಮ ಅಳಿಸಿದವಳಲ್ಲ. ಯಾರೂ ಅಳಿಸು ಎನ್ನಲಿಲ್ಲ. ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಅವಳು ಮೊದಲು ಹೇಳಿದ್ದು ನನಗೆ. ಡಾಕ್ಟರು ಬೇಗ ಆಪರೇಷನ್ ಆಗಬೇಕು ಎಂದಿದ್ದರು.

"ಕತ್ರಿ ಅಂದ್ರೆ ಎದೆ ನಡುಗ್ತದೆ ಕಣಕ್ಕಾ," ಅಂದಳು. "ಹೊಸ ವರ್ಸದ ಚೀಟೀಲಿ ದೇವ್ರು ಏನಂತಾನೋ ನೋಡ್ಬುಟ್ಟು ಆಮ್ಯಾಕೆ ಓಯ್ತೀನಿ."

ಆವತ್ತೇ ಹೇಳಬೇಕಿತ್ತು, ಚೀಟಿ ನೋಡಿ ಆಸ್ಪತ್ರೆಗೆ ಹೋಗುವುದಲ್ಲ ರತ್ನಾ, ನಡಿ ಈಗಲೇ ಎಂದು.

ಹೊಸ ವರ್ಷದ ದಿನ ತಟ್ಟೆ ಹಿಡಿದು ನಿಂತವಳು ನಾನು. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು. ಬೆರಳು ಒಂದು ಚೀಟಿಯನ್ನು ತಾಕಿಯೂ ಇತ್ತು. ನಾನು ತಟ್ಟೆಯನ್ನು ಒಂದಿಷ್ಟು ತಿರುಗಿಸಿದೆ, ರಾಫಾ ಅವಳ ಬೆರಳ ಕೆಳಗೆ ಬರುವ ಹಾಗೆ. ಅಷ್ಟೇ. ಧೈರ್ಯ ಬರಲಿ, ಧೈರ್ಯದಿಂದ ಆಪರೇಷನ್ನಿಗೆ ಹೋಗಲಿ ಎಂದು ಮಾಡಿದೆ — ಎಷ್ಟೋ ಕಾಲ ನನಗೆ ನಾನೇ ಹೀಗೆ ಹೇಳಿಕೊಂಡೆ. ಅದು ಅರ್ಧ ನಿಜ. ಟೀಚರಮ್ಮನ ಪ್ರಾರ್ಥನೆಯಿಂದ ಒಬ್ಬಳಿಗೆ ಗುಣವಾಯಿತು ಎಂದು ನಾಲ್ಕು ಜನ ಆಡಿಕೊಳ್ಳಲಿ ಎಂಬ ಆಸೆಯೂ ನನಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಚೀಟಿ ಓದಿ ಅವಳ ಮುಖ ಬೆಳಗಿತು. "ಗುಣ ಮಾಡ್ತೀನಿ ಅಂತ ಅವ್ನೇ ಅಂದ್ಮೇಲೆ ಇನ್ಯಾಕಕ್ಕಾ ಆಪರೇಸನ್ನು?"

ನನ್ನ ಬಾಯಿಂದ ಬಂದ ಮಾತು ಒಂದೇ — "ಆಮೆನ್."

ಆ ಬೇಸಿಗೆಯೆಲ್ಲ ಅವಳು ಆ ಚೀಟಿಯನ್ನು ರವಿಕೆಯೊಳಗೆ, ಗಂಟಿನ ಮೇಲೆಯೇ ಇಟ್ಟುಕೊಂಡಿದ್ದಳು. ನೋವು ಜಾಸ್ತಿಯಾದಾಗ ಅನುಮಾನಪಟ್ಟದ್ದು ತನ್ನನ್ನೇ. ಕುಂಕುಮ ಅಡ್ಡ ಬರುತ್ತಿದೆಯೇನೋ ಎಂದು ಒಂದು ದಿನ ತಾನಾಗಿಯೇ ಅಳಿಸಿಕೊಂಡಳು. ಗಂಡ ಬದುಕಿರುವಾಗಲೇ ಬೋಳು ಹಣೆ ಮಾಡಿಕೊಂಡಳೆಂದು ನಿಮ್ಮಪ್ಪ ಮಾತು ಬಿಟ್ಟರು. ಅವಳು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಾಗ ಕಾಫಿ ಮಾಡಿಕೊಟ್ಟೆ, ಪ್ರಾರ್ಥನೆ ಮಾಡಿದೆ. ನಿಜ ಹೇಳಲು ಆಗಲೂ ಸಮಯವಿತ್ತು. ಅವಳು ಹೊರಟಾಗ ಬಾಗಿಲವರೆಗೆ ಹೋಗಿ, ರತ್ನಾ ಎಂದು ಕರೆದು — ಚಪ್ಪಲಿ ಬಿಟ್ಟು ಹೋಗುತ್ತಿದ್ದೀಯಲ್ಲ ಎಂದೆ.

ಕೃಷ್ಣಗಿರಿಯ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ, ಇಷ್ಟು ದಿನ ಎಲ್ಲಿದ್ದಿರಿ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಗದರಿದ್ದು ನಿನಗೆ. ಗದರಿಸಿಕೊಳ್ಳಬೇಕಾದವಳು ನಿನ್ನ ಪಕ್ಕದಲ್ಲೇ ಬ್ಯಾಗ್ ಹಿಡಿದು ನಿಂತಿದ್ದಳು. ನೀನು ಔಷಧಿ ತರಲು ಹೊರಗೆ ಹೋದಾಗ ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡು ಅಂದಳು: "ನನ್ ನಂಬ್ಕೆ ಸಾಲ್ದೇ ಓಯ್ತು ಕಣಕ್ಕಾ. ದೇವ್ರಂತೂ ಸುಳ್ಳೇಳಲ್ವಲ್ಲಾ."

ಸಾಯುವವಳ ಮುಂದೆ ಅವಳ ಕೊನೆಯ ಆಸರೆ ಕಿತ್ತುಕೊಳ್ಳಬಾರದು ಎಂದುಕೊಂಡೆ. ನನ್ನ ಹೆದರಿಕೆಗೆ ನಾನು ಕೊಟ್ಟುಕೊಂಡ ಒಳ್ಳೆಯ ಹೆಸರು ಅದು. ಪ್ರಾಣ ಹೋದ ಮೇಲೆ ಅವಳನ್ನು ಮಲಗಿಸಿದಾಗ ನೀನು ಆ ಬೋಳು ಹಣೆಗೆ ಬೆರಳಲ್ಲಿ ಒತ್ತಿ ಒತ್ತಿ ಕುಂಕುಮವಿಟ್ಟೆ. ನಾನು ಗೋಡೆ ನೋಡುತ್ತ ನಿಂತಿದ್ದೆ.

ಮೊನ್ನೆ ನೀನು ಆ ಚೀಟಿ ಹಿಡಿದುಕೊಂಡು ಬಂದೆ. ಬೆವರಿಗೆ ಅಕ್ಷರ ಕದಡಿಹೋಗಿತ್ತು. "ದೊಡ್ಡಮ್ಮಾ, ಅಮ್ಮ ಏನ್ ತಪ್ಪು ಮಾಡಿದ್ಲು ಅಂತ ದೇವ್ರು ಮಾತು ತಪ್ಬುಟ್ಟ?" ಎಂದು ಕೇಳಿದೆ. ದೇವರ ಚಿತ್ತ ನಮಗೆ ತಿಳಿಯದು ಎಂದೆ. ದೇವರ ಚಿತ್ತವಂತೆ! ಅಂಥ ದೊಡ್ಡ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುವುದು ನನಗೆ ಅಷ್ಟು ರೂಢಿಯಾಗಿದೆ.

ಆ ದಿನ ಅವಳ ಬೆರಳು ಮೊದಲು ತಾಕಿದ ಚೀಟಿಯನ್ನು ಎಲ್ಲರೂ ಹೋದ ಮೇಲೆ ಎತ್ತಿಟ್ಟುಕೊಂಡೆ. ಈಗಲೂ ನನ್ನ ಬಳಿ ಇದೆ. ಎಲ್ ರೋಯೀ — ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ಯಜಮಾನಿಯ ಕಾಟ ತಾಳದೆ ಕಾಡಿಗೆ ಓಡಿಹೋದ ಬಸುರಿ ದಾಸಿಯೊಬ್ಬಳು ದೇವರಿಗೆ ಇಟ್ಟ ಹೆಸರದು. ಆ ಹೆಸರಿನಲ್ಲಿ ಗುಣ ಮಾಡುತ್ತೇನೆಂಬ ಮಾತಿಲ್ಲ, ನೋಡುತ್ತೇನೆ ಎಂದಷ್ಟೇ. ಅದನ್ನು ಹಿಡಿದುಕೊಂಡು ಅವಳು ಆಸ್ಪತ್ರೆಗೆ ಹೋಗುತ್ತಿದ್ದಳೇನೋ. ಗೊತ್ತಿಲ್ಲ. ತಟ್ಟೆ ತಿರುಗಿಸುವಾಗಲೂ ಅವನು ನೋಡುತ್ತಿದ್ದ ಎಂಬುದು ಮಾತ್ರ ಗೊತ್ತು. ನನಗಾಗಿ ಅವನು ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಬದಲಾಗದವನಲ್ಲವೇ — ನನ್ನ ಹಳೆಯ ನೆಮ್ಮದಿಯೇ ಈಗ ನನಗೆ ಭಯ. ಬಿಟ್ಟು ಹೋಗೋಣವೆಂದರೆ ನನಗೆ ಬೇರೆ ದೇವರಿಲ್ಲ.

ಭಾನುವಾರ ಪ್ರಾರ್ಥನಾ ಮನೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನೆಗೆ ಬಂದು ನಿಮ್ಮಪ್ಪನ ಮುಂದೆ ಹೇಳುತ್ತೇನೆ. ಒಳಗೆ ಕರೆಯಬೇಡ, ಬಾಗಿಲಲ್ಲೇ ನಿಲ್ಲುತ್ತೇನೆ. ಕ್ಷಮೆ ಕೇಳಲಾರೆ, ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅಮ್ಮನ ಮಗಳು. ಅವಳ ಬೆರಳು ತಾಕಿದ್ದ ಆ ಚೀಟಿ ನಿನ್ನದು, ಅದನ್ನು ತರುತ್ತಿದ್ದೇನೆ.

ನಿಮ್ಮಮ್ಮನಿಗೆ ನಂಬಿಕೆ ಕಡಿಮೆಯಿರಲಿಲ್ಲ, ಮಂಜುಳಾ. ಅವಳು ನನ್ನನ್ನು ನಂಬಿದ್ದಳು.