ಬೆಳ್ಳಿಯಪ್ಪನ ನಿದ್ದೆ

ಬಣಕಲ್ಲಿನ ಬೆಳ್ಳಿಯಪ್ಪ ಆಲ್ದೂರಿಗೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ. ಪಾಲಿಗೆ ಬಂದ ಚೂರು ಕಾಫಿ ತೋಟವನ್ನು ತಮ್ಮನಿಗೆ ಒಪ್ಪಿಸಿ ಸ್ಟೇರಿಂಗ್ ಹಿಡಿದವನು. ಗಿಡ್ಡ ಕುತ್ತಿಗೆ, ಭಾರಿ ಮೈ, ಬಾಯಿ ತುಂಬ ಮಾತು. ಮದುವೆ ಊಟಕ್ಕೆ ಕೂತವನು ಎಲೆಯ ಮುಂದೆಯೇ ನಿದ್ದೆ ಹೋದದ್ದನ್ನು ಜನ ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಅವನೂ ಜೊತೆಗೆ ನಗುತ್ತಿದ್ದ.

ಹೆಂಡತಿ ನಾಗಶ್ರೀಗೆ ನಗು ಬರುತ್ತಿರಲಿಲ್ಲ. ಮಲಗಿದಾಗ ಅವನ ಗೊರಕೆ ಥಟ್ಟನೆ ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ನೀರಲ್ಲಿ ಮುಳುಗಿದವನು ಮೇಲೆ ಬಂದಂತೆ ಏದುಸಿರು ಬಿಡುವುದನ್ನು ಅವಳು ಕಂಡಿದ್ದಳು. ಅವನಿಗೆ ಬಿ.ಪಿ.ಗೆ ಒಬ್ಬ ಡಾಕ್ಟರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬರು. ಮಾತ್ರೆಗಳು ಬದಲಾಗುತ್ತಲೇ ಇದ್ದವು. ನಿದ್ದೆ ಹೇಗೆ ಎಂದು ಇಬ್ಬರೂ ಕೇಳಲಿಲ್ಲ. ಅವಳೇ ಒಮ್ಮೆ ಬಾಯಿಬಿಟ್ಟಾಗ, "ಗೊರಕೆ ತಾನೇ? ಕಿವಿಗೆ ಹತ್ತಿ ಇಟ್ಕೊಳ್ಳಿ" ಎಂದು ಬಿ.ಪಿ. ಡಾಕ್ಟರು ನಕ್ಕುಬಿಟ್ಟರು.

ಒಂದು ಮಧ್ಯಾಹ್ನ, ಆಲ್ದೂರು ಇನ್ನೇನು ಬಂತು ಎನ್ನುವಾಗ, ಬಸ್ಸು ತಿರುವಿನಲ್ಲಿ ತಿರುಗಲೇ ಇಲ್ಲ. ನೇರ ಹೋಗಿ ಸಿಲ್ವರ್ ಓಕ್ ಮರಕ್ಕೆ ಗುದ್ದಿತು. ಪ್ರಯಾಣಿಕರು ತರಚು ಗಾಯಗಳಲ್ಲಿ ಪಾರಾದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಯೋಗೇಶನ ಕಾಲು ನಜ್ಜುಗುಜ್ಜಾಯಿತು. ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು.

ಕುಡಿದಿದ್ದ ಎಂದರು ಜನ. ರಕ್ತ ಪರೀಕ್ಷೆಯಲ್ಲಿ ಮದ್ಯದ ಸುಳಿವೂ ಸಿಗಲಿಲ್ಲ, ಆದರೂ ಮಾತು ನಿಲ್ಲಲಿಲ್ಲ. ಕೆಲಸ ಹೋಯಿತು. ಬೆಳ್ಳಿಯಪ್ಪ ಕಾಫಿ ಒಣಗಿಸುವ ಕಣಕ್ಕೆ ಕೂಲಿಗೆ ಸೇರಿದ.

ಮುಂದಿನ ವರ್ಷ ಹಲ್ಲುನೋವೆಂದು ಮೂಡಿಗೆರೆಗೆ ಹೋದವನು ದಂತವೈದ್ಯೆ ವರ್ಷಿಣಿಯ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆದ. ಆಕೆ ಹೊರಗೆ ಕೂತಿದ್ದ ನಾಗಶ್ರೀಯನ್ನು ಒಳಗೆ ಕರೆದಳು.

"ಮಲಗಿದಾಗ ಇವ್ರಿಗೆ ಉಸಿರು ಕಟ್ಟುತ್ತಾ?"

ನಾಗಶ್ರೀ ಅಳಲು ಶುರುಮಾಡಿದಳು. "ನೀವಾದ್ರೂ ಕೇಳಿದ್ರಲ್ಲ ಮೇಡಂ."

ವರ್ಷಿಣಿ ಅಲ್ಲಿಂದಲೇ ಚಿಕ್ಕಮಗಳೂರಿನ ಶ್ವಾಸಕೋಶದ ಡಾಕ್ಟರಿಗೆ ಫೋನ್ ಮಾಡಿದಳು. ಮೈಗೆ ವೈರು ಅಂಟಿಸಿ ನಿದ್ದೆಯ ಪರೀಕ್ಷೆಯಾಯಿತು. ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆ. ಮೂಗಿಗೆ ಗಾಳಿ ಒತ್ತುವ ಮಷೀನು ಬಂತು. ಮಾಸ್ಕ್ ಸರಿಯಾಗಿ ಕೂತಿದೆಯೇ ಎಂದು ನರ್ಸ್ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಅವನ ಡಾಕ್ಟರುಗಳೆಲ್ಲ ಮೊದಲ ಸಲ ಒಬ್ಬರೊಡನೊಬ್ಬರು ಮಾತಾಡಿಕೊಂಡರು.

"ಇಷ್ಟು ವರ್ಷ ನಾನು ಪೂರ್ತಿ ಎದ್ದೇ ಇರ್ಲಿಲ್ಲ ಕಣೇ" ಎಂದ ಬೆಳ್ಳಿಯಪ್ಪ ಒಂದು ಬೆಳಿಗ್ಗೆ. ಯೋಗೇಶನ ನೆನಪಾಗಿ ಮುಖ ಮುಚ್ಚಿಕೊಂಡ.

ಅಂದೇ ಅವನ ಮನೆಗೆ ಹೋಗಿ ಎಲ್ಲ ಹೇಳಿದ. ಯೋಗೇಶ ಊರುಗೋಲು ಪಕ್ಕಕ್ಕಿಟ್ಟ. "ಕಾಲು ಹೋದ್ಮೇಲೆ ಕಾರಣ ಇಟ್ಕೊಂಡು ಏನ್ ಮಾಡ್ಲಿ ಅಣ್ಣಾ?"

ಬಸ್ಸಿನ ಮಾಲೀಕ ಉಮಾಮಹೇಶ್ವರರ ಮುಂದೆಯೂ ನಿಂತ. "ನಾನು ಕುಡುಕ ಅಲ್ಲ ಸಾಹುಕಾರ್ರೇ. ಕಾಯಿಲೆ ಇತ್ತು, ಈಗ ಹತೋಟಿಗೆ ಬಂದಿದೆ. ಬೇಕಾದ್ರೆ ಡಾಕ್ಟ್ರನ್ನೇ ಕೇಳಿ."

"ಕುಡಿತ ಆಗಿದ್ರೆ ಬಿಡಿಸ್ಬಹುದಿತ್ತು ಮಾರಾಯ" ಎಂದರು ಅವರು. "ಕಾಯಿಲೆಯವ್ನ ಕೈಗೆ ಬಸ್ ಕೊಟ್ರೆ ಜನ ನನ್ನ ಬಿಡ್ತಾರಾ?"

ಬೆಳ್ಳಿಯಪ್ಪ ಕಣದ ಕೆಲಸಕ್ಕೇ ಮರಳಿದ. ಕಳೆದ ಮಳೆಗಾಲಕ್ಕೆ ಮುಂಚೆ, ಬಣಕಲ್ ಸ್ಟ್ಯಾಂಡಿನಲ್ಲಿ ಹಳೆಯ ಜೊತೆಗಾರ ಗುರುವಯ್ಯ ಡ್ರೈವರ್ ಸೀಟಿನಲ್ಲೇ ತೂಕಡಿಸುತ್ತಿರುವುದು ಕಂಡು ಕಿಟಕಿಯ ಹತ್ತಿರ ಹೋದ.

"ಒಂದ್ಸಲ ಪರೀಕ್ಷೆ ಮಾಡಿಸ್ಕೊ ಗುರುವಯ್ಯ. ನಾನೇ ಕರ್ಕೊಂಡು ಹೋಗ್ತೀನಿ."

ಗುರುವಯ್ಯ ಸುತ್ತ ನೋಡಿ ದನಿ ತಗ್ಗಿಸಿದ. "ಮೆಲ್ಲಗೆ ಮಾರಾಯ! ಪರೀಕ್ಷೆ ಮಾಡಿಸ್ಕೊಂಡು ನಿನ್ನ ಹಾಗೆ ಕಾಫಿ ಹರವ್ಲಾ?"

ಬಾಟಲಿ ನೀರು ಮುಖಕ್ಕೆ ಚಿಮುಕಿಸಿಕೊಂಡು ಬಸ್ಸು ಸ್ಟಾರ್ಟ್ ಮಾಡಿದ. ಶಾಲೆ ಮಕ್ಕಳು ಹತ್ತಿದ್ದರು. ಬೆಳ್ಳಿಯಪ್ಪ ಬಸ್ಸಿನ ಪಕ್ಕದ ತಗಡನ್ನು ಬಡಿಯುತ್ತ ಕೂಗುತ್ತಲೇ ಇದ್ದ; ಬಸ್ಸು ಹೊರಟುಹೋಯಿತು.