ನಕ್ಷೆ ತಾಳೆ ನೋಡುವ ಚನ್ನಮಲ್ಲಪ್ಪನವರು
ಬೇಗಂಪೇಟೆಯ ಒಂದು ನಕ್ಷೆ ಕಚೇರಿಯಲ್ಲಿದ್ದ ಚನ್ನಮಲ್ಲಪ್ಪನವರು ಕಣ್ಣಾರೆ ಕಾಣದ ಯಾವುದನ್ನೂ ನಂಬುವವರಲ್ಲ. ‘ಅಬಿಡ್ಸ್’ ಎಂಬ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳಿಯೇ ಬಸ್ಸು ಹತ್ತುವರು. ಹೆಂಡತಿ ನೀಲಾ ಸಾರಿಗೆ ಉಪ್ಪು ಹಾಕಿದ್ದೇನೆಂದರೆ “ತಡಿ, ನೋಡಿ ಹೇಳ್ತೀನಿ” ಎಂದು ಅಂಗೈ ಚಾಚುವರು. ಕೆಲಸವೂ ಅಂಥದೇ: ಉಪಗ್ರಹದ ಚಿತ್ರ ನೋಡಿ ಬರೆದ ಅಭಯಾರಣ್ಯದ ನಕ್ಷೆ ಹಿಡಿದು ಕಾಡಿಗೆ ಹೋಗಿ, ತೇಗ ಎಂದಿರುವಲ್ಲಿ ತೇಗವೇ ಇದೆಯೇ ಎಂದು ನೋಡಿ ಬರುವುದು. ಒಂದು ಬೇಸಿಗೆಯಲ್ಲಿ, ದಟ್ಟ ತೇಗ ಎಂದು ಬರೆದಿದ್ದ ಕಡೆ ಅವರಿಗೆ ಕಂಡದ್ದು ಹಿಪ್ಪೆ ಮರಗಳ ನೆರಳಿನಲ್ಲಿ ಹದಿನಾಲ್ಕು ಗುಡಿಸಲು. ಮುದುಕಿಯೊಬ್ಬಳು ಅಂಬಲಿ ಕೊಟ್ಟಳು. ಅದನ್ನು ಕುಡಿದು, ಕಚೇರಿಗೆ ಬಂದು, ನಕ್ಷೆ ತಪ್ಪೆಂದು ವರದಿ ಬರೆದರು. ಕಚೇರಿಯ ಮೇಲಧಿಕಾರಿ, ರಾಯಚೂರು ಕಡೆಯ ಸಾಹೇಬರು, ನಕ್ಕರು: “ನೂರರಾಗ ತೊಂಬತ್ತು ಸರಿ ಐತಿ. ಒಂದು ಚುಕ್ಕಿ ಸಲುವಾಗಿ ನಕ್ಷೆ ಕೆಡಸ್ತೀರೇನ್ರಿ? ಸಹಿ ಹಾಕ್ರಿ.” “ಅಲ್ಲಿ ಮಂದಿ ಅದಾರ್ರೀ” ಎಂದರು ಚನ್ನಮಲ್ಲಪ್ಪನವರು. ಎಂದವರೇ ಸಹಿ ಹಾಕಿದರು. ಅಲ್ಲಿ ಊರೇ ಇಲ್ಲವೆಂಬುದಕ್ಕೆ ಆ ನಕ್ಷೆಯೇ ಸಾಕ್ಷಿಯಾಗಿ, ಅರಣ್ಯ ಇಲಾಖೆಯವರು ಗುಡಿಸಲುಗಳನ್ನು ಕೀಳಿಸಿದರು. ಮೂರು ವರ್ಷದ ಮೇಲೆ ಮತ್ತೆ ತಾಳೆ ನೋಡಲು ಹೋದಾಗ, ಆ ಜಾಗದಲ್ಲಿ ಎದೆಯೆತ್ತರದ ತೇಗದ ಸಸಿಗಳು ಸಾಲುಸಾಲಾಗಿ ನಿಂತಿದ್ದವು. ಚನ್ನಮಲ್ಲಪ್ಪನವರು ಒಂದು ಸಸಿಯ ಎಲೆ ಮುಟ್ಟಿ ನೋಡಿದರು. ಆಮೇಲೆ ಪೆನ್ನು ತೆಗೆದು, ‘ನಕ್ಷೆ ಸರಿಯಿದೆ’ ಎಂದು ಬರೆದರು.